ಎರಕದ ಮರಳಚ್ಚು

ಮರಳಿನ ಕಣಗಳನ್ನು ಬಂಧಕವೊಂದರಿಂದ ಹಿಡಿದಿಟ್ಟು, ಬೇಕಾದ ವಸ್ತುವಿನ ಆಕಾರದ ಪೊಳ್ಳನ್ನು ಅದರಲ್ಲಿ ಮೂಡಿಸಿ, ಕರಗಿದ ಲೋಹ ಹೊಯ್ಯಲು ಸಿದ್ಧಪಡಿಸಿದ ಅಚ್ಚಿಗೆ ಮರಳಚ್ಚು ಎಂದು ಹೆಸರು. ಲೋಹ ಗಟ್ಟಿಯಾದ ಮೇಲೆ ಅಚ್ಚನ್ನು ಒಡೆದೇ ಎರಕವನ್ನು ಹೊರತೆಗೆಯಬೇಕಾದ್ದರಿಂದ ಒಂದು ಅಚ್ಚು ಒಂದೇ ಸಲಕ್ಕೆ ಸಲ್ಲುತ್ತದೆ. ಅದರ ಮರಳು ಮಾತ್ರ ಮತ್ತೆ ಮತ್ತೆ ಬಳಕೆಗೆ ಬರುತ್ತದೆ. ತೂಕದ ಲೆಕ್ಕದಲ್ಲಿ ಜಗತ್ತಿನ ಎರಕಗಳ ಬಹುಪಾಲು ತಯಾರಾಗುವುದು ಮರಳಚ್ಚಿನಲ್ಲಿ. ಅಂಗೈಯಲ್ಲಿ ಹಿಡಿಯುವ ಹಿತ್ತಾಳೆ ವಾಲ್ವಿನಿಂದ ನೂರಾರು ಟನ್ ತೂಗುವ ರೋಲಿಂಗ್ ಮಿಲ್ ಚೌಕಟ್ಟಿನವರೆಗೆ ಎಲ್ಲ ಗಾತ್ರಕ್ಕೂ, ಕಬ್ಬಿಣ, ಉಕ್ಕು, ಕಂಚು, ಅಲ್ಯೂಮಿನಿಯಂ, ಮೆಗ್ನೀಸಿಯಂ ಮಿಶ್ರಲೋಹಗಳಿಗೂ ಇದು ಒದಗುತ್ತದೆ.

ಒಣ ಮರಳಿಗೆ ಆಕಾರ ಉಳಿಸಿಕೊಳ್ಳುವ ಗುಣವಿಲ್ಲ. ಕಣಗಳನ್ನು ಹಿಡಿದಿಡುವುದು ಯಾವುದು ಎಂಬುದರ ಮೇಲೆಯೇ ಮರಳಚ್ಚಿನ ವಿಧಾನಗಳ ವರ್ಗೀಕರಣ ನಿಂತಿದೆ. ಜೇಡಿ ಮತ್ತು ನೀರು, ಎಣ್ಣೆ, ಸಿಲಿಕೇಟು, ರೆಸಿನ್, ನಿರ್ವಾತ ಇವು ಮುಖ್ಯವಾದವು. ಈ ಲೇಖನದಲ್ಲಿ ‘ಮಾದರಿ’ ಎಂದರೆ ಪೊಳ್ಳನ್ನು ಮೂಡಿಸಲು ಮರಳಿನಲ್ಲಿ ಹುಗಿಯುವ ಪ್ಯಾಟರ್ನ್. ‘ಕೋರ್’ ಎಂದರೆ ಎರಕದೊಳಗಿನ ತೂತು ಅಥವಾ ಟೊಳ್ಳಿಗಾಗಿ ಪೊಳ್ಳಿನಲ್ಲಿ ಕೂರಿಸುವ ಮರಳಿನ ತುಂಡು. ‘ಎರಕ’ ಎಂದರೆ ಸಿದ್ಧವಾಗಿ ಹೊರಬಂದ ಲೋಹದ ವಸ್ತು.

ಹುಟ್ಟು ಮತ್ತು ಬೆಳವಣಿಗೆ

ಪ್ರಾಚೀನ ಎರಕಗಾರರು ಮರಳಿಗಿಂತ ಕಲ್ಲು ಮತ್ತು ಜೇಡಿಮಣ್ಣನ್ನು ನೆಚ್ಚಿದ್ದರು. ಚೀನಾದ ಶಾಂಗ್ ಕಾಲದ ಕಂಚಿನ ಪಾತ್ರೆಗಳು ಸುಟ್ಟ ಜೇಡಿಯ ಬಿಡಿಭಾಗಗಳನ್ನು ಜೋಡಿಸಿದ ಅಚ್ಚುಗಳಲ್ಲಿ ಮೂಡಿದವು. ದಕ್ಷಿಣ ಭಾರತದ ಕಂಚಿನ ಮೂರ್ತಿಗಳು ಮೇಣದ ಮಾದರಿಗೆ ಮಣ್ಣು ಬಳಿದು, ಮೇಣ ಕರಗಿಸಿ ತೆಗೆಯುವ ವಿಧಾನದವು. ಪೆಟ್ಟಿಗೆಯಲ್ಲಿ ಮರಳು ತುಂಬಿ ಅಚ್ಚು ಮಾಡುವ ಕ್ರಮದ ವಿವರ ಇಟಲಿಯ ವನ್ನೋಚ್ಚೊ ಬಿರಿಂಗುಚ್ಚೊ ಬರೆದ ‘ದೆ ಲಾ ಪಿರೋಟೆಕ್ನಿಯಾ’ದಲ್ಲಿದೆ. ಲೇಖಕನ ಮರಣಾನಂತರ 1540ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಈ ಗ್ರಂಥ ಲೋಹವಿದ್ಯೆಯ ಆರಂಭದ ಮುದ್ರಿತ ಕೃತಿಗಳಲ್ಲಿ ಒಂದು.

ಕಬ್ಬಿಣದ ಎರಕ ಮರಳಿಗೆ ಬದಲಾದದ್ದು ಇಂಗ್ಲೆಂಡಿನಲ್ಲಿ. ಬ್ರಿಸ್ಟಲ್‌ನಲ್ಲಿ ಹಿತ್ತಾಳೆ ಕೆಲಸ ನಡೆಸುತ್ತಿದ್ದ ಏಬ್ರಹಾಂ ಡಾರ್ಬಿ 1707ರಲ್ಲಿ, ಲೋಮ್ ಎಂಬ ಮಣ್ಣಿನ ಅಚ್ಚು ಬಿಟ್ಟು ಬರೀ ಮರಳಿನಲ್ಲಿ ಕಬ್ಬಿಣದ ಅಡುಗೆ ಪಾತ್ರೆ ಎರೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಮಣ್ಣಿನಚ್ಚನ್ನು ಪ್ರತಿಸಲ ಕೈಯಲ್ಲಿ ತಿದ್ದಿ ದಿನಗಟ್ಟಲೆ ಒಣಗಿಸಬೇಕಿತ್ತು; ಮರಳಿನಲ್ಲಿ ಒಂದೇ ಮಾದರಿಯಿಂದ ಬೇಕಾದಷ್ಟು ಅಚ್ಚು ತೆಗೆಯಬಹುದಾಯಿತು, ಪಾತ್ರೆಯ ಗೋಡೆಯೂ ತೆಳುವಾಯಿತು. ಎರಡು ವರ್ಷಗಳ ನಂತರ, 1709ರಲ್ಲಿ, ಕೋಲ್‌ಬ್ರೂಕ್‌ಡೇಲ್‌ನಲ್ಲಿ ಇದ್ದಿಲಿನ ಬದಲು ಕೋಕ್ ಬಳಸಿ ಕಬ್ಬಿಣ ಕರಗಿಸಿದವನೂ ಇವನೇ. ಕೋಕ್‌ನಲ್ಲಿ ಬೆಂದ ಕಬ್ಬಿಣ ತೆಳು ಎರಕಕ್ಕೆ ಒಗ್ಗುವಂಥದ್ದು. ಹೀಗಾಗಿ ಎರಡು ಹೊಸತುಗಳೂ ಒಂದಕ್ಕೊಂದು ಇಂಬಾದವು.

ಮುಂದಿನ ಎರಡು ಶತಮಾನ ಮರಳಿನ ಬಗೆಗಿನ ತಿಳಿವಳಿಕೆ ಕೈಯಿಂದ ಕೈಗೆ ದಾಟಿದ ಕಸುಬಾಗಿಯೇ ಉಳಿಯಿತು. ಅಮೆರಿಕದ ಎರಕ ಉದ್ಯಮಿಗಳ ಸಂಘ 1896ರಲ್ಲಿ ಸ್ಥಾಪನೆಯಾಗಿ, 20ನೆಯ ಶತಮಾನದ ಮೊದಲ ದಶಕಗಳಲ್ಲಿ ಮರಳಿನ ಪರೀಕ್ಷೆಗೆ ಮಾನಕಗಳನ್ನು ಗೊತ್ತುಮಾಡಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಯೊಹಾನೆಸ್ ಕ್ರೋನಿಂಗ್ ರೂಪಿಸಿದ ಚಿಪ್ಪಿನಚ್ಚು ರಾಸಾಯನಿಕ ಬಂಧಕಗಳ ಕಾಲಕ್ಕೆ ನಾಂದಿ ಹಾಡಿತು. 1950 ಮತ್ತು 60ರ ದಶಕಗಳಲ್ಲಿ ಸಿಲಿಕೇಟ್, ಫ್ಯುರಾನ್, ಕೋಲ್ಡ್ ಬಾಕ್ಸ್ ವಿಧಾನಗಳು, 1970ರ ದಶಕದ ಆರಂಭದಲ್ಲಿ ಜಪಾನಿನ ನಿರ್ವಾತ ವಿಧಾನ ಬಂದವು.

ಅಚ್ಚಿನ ರಚನೆ

ಸಾಮಾನ್ಯ ಮರಳಚ್ಚಿಗೆ ಎರಡು ಅರ್ಧಗಳು. ಕೆಳಗಿನ ಪೆಟ್ಟಿಗೆ ಡ್ರ್ಯಾಗ್, ಮೇಲಿನದು ಕೋಪ್. ಆಕಾರ ಜಟಿಲವಾದಾಗ ನಡುವೆ ಸೇರಿಸುವ ಮೂರನೆಯದು ಚೀಕ್. ಪೆಟ್ಟಿಗೆಗಳು ಕೂಡುವ ಮಟ್ಟಕ್ಕೆ ವಿಭಜನ ರೇಖೆ ಎನ್ನುತ್ತಾರೆ. ಮಾದರಿಯ ಅರ್ಧಭಾಗವನ್ನು ಹಲಗೆಯ ಮೇಲೆ ಬೋರಲು ಇಟ್ಟು, ಸುತ್ತ ಡ್ರ್ಯಾಗ್ ಕೂರಿಸಿ, ಮಾದರಿಗೆ ತಾಗುವ ಮರಳನ್ನು ಜರಡಿಯಿಂದ ಉದುರಿಸಿ, ಉಳಿದದ್ದನ್ನು ಸಲಿಕೆಯಿಂದ ತುಂಬಿ ರ್‍ಯಾಮರ್‌ನಿಂದ ಕುಟ್ಟಲಾಗುತ್ತದೆ. ಹೆಚ್ಚಿನ ಮರಳನ್ನು ಪಟ್ಟಿಯಿಂದ ಎಳೆದು ಸಮ ಮಾಡಿ, ಪೆಟ್ಟಿಗೆಯನ್ನು ಮಗುಚಿ, ಮಾದರಿಯ ಮೇಲರ್ಧ ಜೋಡಿಸಿ, ಎರಡು ಅರ್ಧಗಳ ಮರಳು ಅಂಟಿಕೊಳ್ಳದಂತೆ ನುಣುಪು ಒಣ ಪುಡಿ ಎರಚಿ, ಕೋಪ್ ತುಂಬುತ್ತಾರೆ. ಬಳಿಕ ಪೆಟ್ಟಿಗೆಗಳನ್ನು ಬಿಡಿಸಿ, ಮಾದರಿಯನ್ನು ಮೆಲ್ಲನೆ ತಟ್ಟಿ ಸಡಿಲಿಸಿ ಎತ್ತಿ, ಕೋರ್ ಕೂರಿಸಿ ಮತ್ತೆ ಮುಚ್ಚಿದರೆ ಅಚ್ಚು ಸಿದ್ಧ.

ಲೋಹ ಒಳಗೆ ಸೇರುವ ದಾರಿಯೂ ಅಚ್ಚಿನ ಭಾಗವೇ. ಹೊಯ್ಯುವ ಬಟ್ಟಲಿನಿಂದ ನೆಟ್ಟಗೆ ಇಳಿಯುವ ಸ್ಪ್ರೂ, ಅಡ್ಡಕ್ಕೆ ಹರಿಯುವ ರನ್ನರ್, ಪೊಳ್ಳಿನ ಬಾಯಿಯಾದ ಗೇಟ್ ಇವು ಸೇರಿ ಗೇಟಿಂಗ್ ವ್ಯವಸ್ಥೆ. ಗಟ್ಟಿಯಾಗುತ್ತ ಕುಗ್ಗುವ ಲೋಹಕ್ಕೆ ದ್ರವ ಲೋಹ ಒದಗಿಸಲು ರೈಸರ್ ಎಂಬ ದಾಸ್ತಾನು ಬೇಕು. ಅದು ಎರಕಕ್ಕಿಂತ ತಡವಾಗಿ ಗಟ್ಟಿಯಾಗುವಷ್ಟು ದಪ್ಪ ಇರಲೇಬೇಕು. ಅನಿಲ ಹೊರಹೋಗಲು ಕಂಬಿಯಿಂದ ಚುಚ್ಚಿದ ಗಾಳಿರಂಧ್ರಗಳಿರುತ್ತವೆ.

ಕೋರ್ ತನ್ನ ತುದಿಗಳಿಂದ ಅಚ್ಚಿನ ಗುಳಿಗಳಲ್ಲಿ ಕೂರುತ್ತದೆ. ಕರಗಿದ ಕಬ್ಬಿಣ ಮರಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಸಾಂದ್ರವಾದ್ದರಿಂದ ಪೂರ್ತಿ ಮುಳುಗಿದ ಕೋರ್ ತನ್ನ ತೂಕದ ಮೂರು ಪಟ್ಟಿಗೂ ಮೀರಿದ ಬಲದಿಂದ ಮೇಲೇಳಲು ಯತ್ನಿಸುತ್ತದೆ. ಅದನ್ನು ತಡೆಯಲು ಚಾಪ್ಲೆಟ್ ಎಂಬ ಲೋಹದ ಊರೆಗಳನ್ನು ಇಡುತ್ತಾರೆ. ಇವು ಎರಕದಲ್ಲೇ ಬೆಸೆದುಹೋಗುತ್ತವೆ. ಕೋಪ್ ಸಹ ಇದೇ ಕಾರಣಕ್ಕೆ ಮೇಲೇಳಬಹುದಾದ್ದರಿಂದ ಅದರ ಮೇಲೆ ತೂಕ ಹೇರುವುದು ಅಥವಾ ಕ್ಲ್ಯಾಂಪ್ ಬಿಗಿಯುವುದು ವಾಡಿಕೆ.

ಮಾದರಿ ಎರಕದ ನೇರ ಪ್ರತಿರೂಪವಲ್ಲ. ಲೋಹದ ಕುಗ್ಗುವಿಕೆಗೆಂದು ಬೂದು ಎರಕದ ಕಬ್ಬಿಣಕ್ಕೆ ಸುಮಾರು 1%, ಅಲ್ಯೂಮಿನಿಯಂ ಮಿಶ್ರಲೋಹಗಳಿಗೆ 1.3%, ಉಕ್ಕಿಗೆ 2%ರಷ್ಟು ದೊಡ್ಡದಾಗಿ ಮಾಡಲಾಗುತ್ತದೆ. ಮರಳನ್ನು ಕೆಡಿಸದೆ ಮೇಲೆತ್ತಲು ಅದರ ಲಂಬ ಮೈಗಳಿಗೆ ಒಂದೆರಡು ಡಿಗ್ರಿ ಓರೆ ಇರುತ್ತದೆ. ಲೇತ್‌ನಲ್ಲಿ ತುರಿಯಬೇಕಾದ ಕಡೆ ಹೆಚ್ಚುವರಿ ದಪ್ಪ ಬಿಡುತ್ತಾರೆ. ಕೆಲವೇ ಎರಕಗಳಿಗೆ ಮರ, ಸಾವಿರಾರು ಎರಕಗಳಿಗೆ ಅಲ್ಯೂಮಿನಿಯಂ ಅಥವಾ ಕಬ್ಬಿಣ ಮಾದರಿಯ ವಸ್ತು.

ಮರಳು

ಎರಕದ ಮರಳಿನಿಂದ ಬಯಸುವ ಗುಣಗಳು ಪರಸ್ಪರ ವಿರುದ್ಧ ದಿಕ್ಕಿನವು. ಲೋಹದ ಒತ್ತಡಕ್ಕೆ ಜಗ್ಗದಷ್ಟು ಗಟ್ಟಿ ಇರಬೇಕು, ಎರಕ ಕುಗ್ಗುವಾಗ ಸೀಳದಂತೆ ಬಿಟ್ಟುಕೊಡಲೂ ಬೇಕು. ಮೈ ನುಣುಪಾಗಲು ಕಣ ಸಣ್ಣದಿರಬೇಕು, ಅನಿಲ ಹಾಯಲು ಕಣಗಳ ನಡುವೆ ಸಂದೂ ಇರಬೇಕು. ಯಾವ ಮರಳೂ ಎಲ್ಲವನ್ನೂ ಪೂರೈಸದು. ಪ್ರತಿ ಕಾರ್ಖಾನೆಯೂ ತನ್ನ ಎರಕಕ್ಕೆ ತಕ್ಕ ರಾಜಿಯನ್ನು ಮಾಡಿಕೊಳ್ಳುತ್ತದೆ.

ಹೆಚ್ಚು ಬಳಕೆಯಲ್ಲಿರುವುದು ಸಿಲಿಕಾ ಮರಳು, ಅಂದರೆ ಬೆಣಚುಕಲ್ಲಿನ ಕಣ. ಇದು ಅಗ್ಗ, ಸುಮಾರು 1,700° ಸೆ.ವರೆಗೆ ಕರಗದು. ಇದರ ಮುಖ್ಯ ಕೊರತೆ 573° ಸೆ.ನಲ್ಲಿ ಪ್ರಕಟವಾಗುತ್ತದೆ. ಆ ಉಷ್ಣತೆಯಲ್ಲಿ ಬೆಣಚುಕಲ್ಲಿನ ಹರಳುಗಳ ರಚನೆ ಬದಲಾಗಿ ಮರಳು ಒಮ್ಮೆಗೇ ಹಿಗ್ಗುತ್ತದೆ. ಅಚ್ಚಿನ ಮೈ ಉಬ್ಬಿ ಸಿಡಿದು ಎರಕದ ಮೇಲೆ ಹಕ್ಕಳೆಗಳಂಥ ದೋಷ ಉಳಿಯುತ್ತದೆ. ದಪ್ಪ ಉಕ್ಕಿನ ಎರಕಗಳಿಗೆ ಹಿಗ್ಗುವಿಕೆ ಕಡಿಮೆ ಇರುವ ಜಿರ್ಕಾನ್ ಮತ್ತು ಕ್ರೋಮೈಟ್ ಮರಳುಗಳನ್ನು, ಬೆಲೆ ಹೆಚ್ಚಾದ್ದರಿಂದ ಲೋಹಕ್ಕೆ ತಾಗುವ ಪದರಕ್ಕೆ ಮಾತ್ರ, ಬಳಸಲಾಗುತ್ತದೆ. ಭಾರತದಲ್ಲಿ ಜಿರ್ಕಾನ್ ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚ್ಚಿಯ ಕಡಲತೀರದ ಮರಳಿನಲ್ಲೂ ಕ್ರೋಮೈಟ್ ಒಡಿಶಾದ ಸುಕಿಂದ ಕಣಿವೆಯಲ್ಲೂ ಸಿಗುತ್ತವೆ. ಕಲ್ಲನ್ನು ಪುಡಿಮಾಡಿ ಕಟ್ಟಡಕ್ಕೆ ಬಳಸುವ ಎಂ-ಸ್ಯಾಂಡ್ ಎರಕಕ್ಕೆ ಒಗ್ಗುವುದಿಲ್ಲ. ಗ್ರಾನೈಟ್ ಪುಡಿಯಲ್ಲಿರುವ ಫೆಲ್ಡ್‌ಸ್ಪಾರ್ ಮತ್ತು ಅಭ್ರಕ ಬೇಗ ಮೆತ್ತಗಾಗುತ್ತವೆ, ಕಣಗಳೂ ಮೂಲೆಮೂಲೆಯಾಗಿರುತ್ತವೆ.

ಅಚ್ಚಿನ ವಿಧಾನಗಳು

ಹಸಿ ಮರಳು

ಒಣಗಿಸದೆ, ತೇವ ಇರುವಾಗಲೇ ಲೋಹ ಹೊಯ್ಯುವ ಅಚ್ಚು ಹಸಿ ಮರಳಿನದು. ಅತ್ಯಂತ ಅಗ್ಗದ, ಅತ್ಯಂತ ವೇಗದ, ಅತ್ಯಂತ ವ್ಯಾಪಕ ವಿಧಾನ ಇದೇ. ಸಾಮಾನ್ಯ ಮಿಶ್ರಣದಲ್ಲಿ 85–90% ಸಿಲಿಕಾ ಮರಳು, 6–10% ಬೆಂಟೊನೈಟ್ ಜೇಡಿ, 2.5–4% ನೀರು, ಕಬ್ಬಿಣದ ಎರಕವಾದರೆ ಜೊತೆಗೆ 2–5% ಕಲ್ಲಿದ್ದಲ ಪುಡಿ ಇರುತ್ತದೆ. ಭಾರತದ ಬೆಂಟೊನೈಟ್ ಮುಖ್ಯವಾಗಿ ಗುಜರಾತಿನ ಕಛ್ ಮತ್ತು ರಾಜಸ್ಥಾನದ ಬಾಡ್ಮೇರ್‌ನಿಂದ ಬರುತ್ತದೆ.

ಬೆಂಟೊನೈಟ್ ತೆಳು ಹಾಳೆಗಳ ರಚನೆಯ ಜೇಡಿ. ಹಾಳೆಗಳ ನಡುವೆ ನೀರು ಸೇರಿದಾಗ ಅದು ಊದಿಕೊಂಡು ಮರಳಿನ ಕಣಗಳಿಗೆ ಲೇಪವಾಗುತ್ತದೆ. ಈ ಲೇಪ ಸಲಿಕೆಯಿಂದ ಕಲಸಿದರೆ ಬಾರದು. ಮುಲ್ಲರ್ ಯಂತ್ರದ ಭಾರದ ಗಾಲಿಗಳಡಿ ಅರೆಯಬೇಕು. ಸೋಡಿಯಂ ಬೆಂಟೊನೈಟ್ ಬಿಸಿಯಲ್ಲಿ ಹೆಚ್ಚು ತಾಳಿಕೊಳ್ಳುತ್ತದೆ. ಕ್ಯಾಲ್ಸಿಯಂ ಬಗೆಯದು ಅಚ್ಚನ್ನು ಒಡೆಯುವಾಗ ಸಲೀಸಾಗಿ ಉದುರುತ್ತದೆ. ನೀರಿನ ಪ್ರಮಾಣ ಇಲ್ಲಿನ ಸೂಕ್ಷ್ಮ. ಕಡಿಮೆಯಾದರೆ ಅಚ್ಚಿನ ಅಂಚು ಪುಡಿಯಾಗುತ್ತದೆ. ಹೆಚ್ಚಾದರೆ ಬಿಸಿ ಲೋಹ ತಾಗಿ ಆವಿಯೆದ್ದು ಎರಕದಲ್ಲಿ ಗಾಳಿಗುಳ್ಳೆ ಉಳಿಯುತ್ತದೆ. ಅಚ್ಚುಗಾರರು ಒಂದು ಹಿಡಿ ಮರಳನ್ನು ಮುಷ್ಟಿಯಲ್ಲಿ ಬಿಗಿಯಾಗಿ ಒತ್ತಿ ಬಿಡುತ್ತಾರೆ: ಬೆರಳ ಗುರುತು ಉಂಡೆಯ ಮೇಲೆ ಸ್ಪಷ್ಟವಾಗಿ ನಿಲ್ಲಬೇಕು, ಅಂಗೈಗೆ ಮೆತ್ತಬಾರದು, ನಡುವೆ ಮುರಿದರೆ ಅಂಚು ಉದುರದೆ ಚೂಪಾಗಿರಬೇಕು. ಪ್ರಯೋಗಾಲಯದ ಉಪಕರಣಗಳಿರುವ ಕಾರ್ಖಾನೆಗಳಲ್ಲೂ ಈ ಕೈಪರೀಕ್ಷೆ ಬಿಟ್ಟುಹೋಗಿಲ್ಲ.

ಕಲ್ಲಿದ್ದಲ ಪುಡಿ ಲೋಹ ಹೊಯ್ದಾಗ ಉರಿದು ಆಮ್ಲಜನಕವನ್ನು ಹೀರುವುದಲ್ಲದೆ ಕಣಗಳ ಮೇಲೆ ಹೊಳಪಿನ ಇಂಗಾಲದ ಪೊರೆ ಹರಡುತ್ತದೆ. ಆ ಪೊರೆಯಿಂದಾಗಿ ಕಬ್ಬಿಣ ಮರಳನ್ನು ನೆನೆಸಿ ಅಂಟಿಕೊಳ್ಳುವುದಿಲ್ಲ. ಎರಕ ತೆಗೆದ ಮೇಲೆ ಮರಳನ್ನು ತಣಿಸಿ, ಕಬ್ಬಿಣದ ಚೂರುಗಳನ್ನು ಅಯಸ್ಕಾಂತದಿಂದ ಬೇರ್ಪಡಿಸಿ, ನೀರು ಮತ್ತು ಹೊಸ ಬೆಂಟೊನೈಟ್ ಸೇರಿಸಿ ಮತ್ತೆ ಬಳಸುತ್ತಾರೆ. ಲೋಹಕ್ಕೆ ತೀರ ಹತ್ತಿರದ ಪದರದ ಜೇಡಿ ಸುಟ್ಟು ಸತ್ತಿರುತ್ತದೆ. ನೀರು ಹಾಕಿದರೂ ಅದಕ್ಕೆ ಅಂಟು ಬಾರದು. ಸತ್ತ ಜೇಡಿಯ ಪಾಲನ್ನು ಹದ್ದಿನಲ್ಲಿಡಲು ಪ್ರತಿ ಸುತ್ತಿನಲ್ಲಿ ಸ್ವಲ್ಪ ಹಳೆ ಮರಳು ತೆಗೆದು ಹೊಸದು ಸೇರಿಸುವುದು ಅನಿವಾರ್ಯ.

ಒಣ ಮರಳು ಮತ್ತು ಲೋಮ್

ಜೇಡಿಯ ಅಚ್ಚನ್ನು ಒಲೆಯಲ್ಲಿ ಒಣಗಿಸಿದರೆ ಗಟ್ಟಿತನ ಹೆಚ್ಚಿ ಆವಿಯ ಕಾಟ ತಪ್ಪುತ್ತದೆ. ಮೇಲ್ಮೈಯನ್ನು ಮಾತ್ರ ಜ್ವಾಲೆಯಿಂದ ಒಣಗಿಸುವ ಕ್ರಮವೂ ಉಂಟು. ಹೆಚ್ಚು ಜೇಡಿಯಿರುವ ಲೋಮ್ ಮಣ್ಣನ್ನು ಇಟ್ಟಿಗೆಯ ಚೌಕಟ್ಟಿಗೆ ಬಳಿದು, ತಿರುಗುವ ಹಲಗೆಯಿಂದ ಸವರಿ ಆಕಾರ ಕೊಡುವ ವಿಧಾನದಲ್ಲಿ ಪೂರ್ಣ ಮಾದರಿಯೇ ಬೇಡ; ದೊಡ್ಡ ಗಂಟೆ ಮತ್ತು ಕೊಪ್ಪರಿಗೆಗಳಿಗೆ ಇದು ನಡೆದುಬಂದ ರೂಢಿ. ತೀರ ದೊಡ್ಡ ಎರಕಗಳ ಅಚ್ಚನ್ನು ನೆಲದ ಗುಂಡಿಯಲ್ಲೇ ಕಟ್ಟುತ್ತಾರೆ. ರಾಸಾಯನಿಕ ಬಂಧಕಗಳು ಬಂದ ಮೇಲೆ ಇವು ಹಿಂದೆ ಸರಿದಿವೆ.

ಎಣ್ಣೆ ಮರಳು

ನೀರಿನ ಬದಲು ಎಣ್ಣೆ ಬಂಧಕವಾದಾಗ ಆವಿ ಹುಟ್ಟುವುದಿಲ್ಲ, ಅತಿ ನುಣ್ಣನೆಯ ಮರಳನ್ನೂ ಬಳಸಬಹುದು. ಅಗಸೆ ಎಣ್ಣೆ ಬೆರೆಸಿ ಒಲೆಯಲ್ಲಿ ಬೇಯಿಸಿದ ಕೋರ್‌ಗಳು 20ನೆಯ ಶತಮಾನದ ಮಧ್ಯದವರೆಗೆ ಎಲ್ಲೆಡೆ ಇದ್ದವು.

ಇದೇ ತತ್ವದ ಕರ್ನಾಟಕದ ಉದಾಹರಣೆ ಬಿದರಿ ಕಸುಬು. ಹೆಚ್ಚು ಸತು, ಅಲ್ಪ ತಾಮ್ರದ ಬಿದರಿ ಲೋಹವನ್ನು ಎರೆಯಲು ಬೀದರ್‌ನ ಕುಶಲಕರ್ಮಿಗಳು ಜರಡಿ ಹಿಡಿದ ಮಣ್ಣಿಗೆ ಹರಳೆಣ್ಣೆ ಮತ್ತು ರಾಳ ಬೆರೆಸಿ ಹದಮಾಡಿ ಅಚ್ಚು ಮಾಡುತ್ತಾರೆ. ಸತು ಸುಮಾರು 420° ಸೆ.ನಲ್ಲೇ ಕರಗುವುದರಿಂದ ಎಣ್ಣೆಯ ಬಂಧಕ ಆ ಬಿಸಿಗೆ ತಾಳುತ್ತದೆ. ಎರಕದ ಮೈಯನ್ನು ಉಜ್ಜಿ, ಮೈಲುತುತ್ತದಿಂದ ತಾತ್ಕಾಲಿಕವಾಗಿ ಕಪ್ಪಾಗಿಸಿ, ಚಿತ್ತಾರ ಕೊರೆದು, ಬೆಳ್ಳಿಯ ತಂತಿ ಹುದುಗಿಸುತ್ತಾರೆ. ಕಡೆಗೆ ಬೀದರ್ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರದ ಬಿಸಿ ದ್ರಾವಣದಲ್ಲಿ ಅದ್ದಿದಾಗ ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಬಿದರಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ.

ಸಿಲಿಕೇಟ್ ವಿಧಾನ

ಮರಳಿಗೆ 3–5% ಸೋಡಿಯಂ ಸಿಲಿಕೇಟ್ ಬೆರೆಸಿ ಅಚ್ಚು ತುಂಬಿ, ಅದರೊಳಗೆ ಕಾರ್ಬನ್ ಡೈಆಕ್ಸೈಡ್ ಹಾಯಿಸಿದರೆ ಸಿಲಿಕಾ ಜೆಲ್ ಉಂಟಾಗಿ ಅಚ್ಚು ಕೆಲವೇ ಸೆಕೆಂಡುಗಳಲ್ಲಿ ಗಟ್ಟಿಯಾಗುತ್ತದೆ. ಒಲೆ ಬೇಡ, ಹೊಗೆಯಿಲ್ಲ, ಸಲಕರಣೆ ಎಂದರೆ ಅನಿಲದ ಸಿಲಿಂಡರ್ ಮತ್ತು ಕೊಳವೆ. ಭಾರತದ ಸಣ್ಣ ಫೌಂಡ್ರಿಗಳಲ್ಲಿ ‘ಸಿಓಟು’ ಎಂಬ ಹೆಸರಿನಿಂದಲೇ ಇದು ಬಳಕೆಯಲ್ಲಿದೆ. ಅನಿಲ ಅತಿಯಾದರೆ ಅಚ್ಚು ಪುಡಿಪುಡಿಯಾಗುತ್ತದೆ. ದೊಡ್ಡ ತೊಡಕು ಎರಕ ಆರಿದ ನಂತರದ್ದು: ಬಿಸಿಯಲ್ಲಿ ಸಿಲಿಕೇಟ್ ಗಾಜಿನಂತೆ ಮೆತ್ತಗಾಗಿ ಮತ್ತೆ ಗಟ್ಟಿಗಟ್ಟುವುದರಿಂದ ಕೋರ್ ಒಡೆದು ತೆಗೆಯುವುದು ಕಷ್ಟ. ಅದಕ್ಕೆಂದು ಕಾಕಂಬಿ ಅಥವಾ ಮರದ ಹಿಟ್ಟು ಬೆರೆಸುತ್ತಾರೆ; ಇವು ಸುಟ್ಟುಹೋಗಿ ಕೋರ್ ಸಡಿಲಾಗುತ್ತದೆ. ಬಳಸಿದ ಮರಳನ್ನು ಮರಳಿ ಹದಕ್ಕೆ ತರುವುದೂ ಸುಲಭವಲ್ಲ.

ಚಿಪ್ಪಿನಚ್ಚು

ಕ್ರೋನಿಂಗ್ ವಿಧಾನದಲ್ಲಿ ಮರಳಿನ ಪ್ರತಿ ಕಣಕ್ಕೂ ಫಿನಾಲಿಕ್ ರೆಸಿನ್ ಲೇಪಿಸಿರುತ್ತದೆ. 200–300° ಸೆ.ಗೆ ಕಾಯಿಸಿದ ಲೋಹದ ಮಾದರಿಯ ಮೇಲೆ ಈ ಮರಳನ್ನು ಸುರಿದಾಗ ತಾಗಿದ ಪದರದ ರೆಸಿನ್ ಕರಗಿ ಅಂಟುತ್ತದೆ. ಅರ್ಧ ನಿಮಿಷದ ಆಸುಪಾಸಿನಲ್ಲಿ ಬೆರಳಿನಷ್ಟೂ ದಪ್ಪವಿಲ್ಲದ ಚಿಪ್ಪು ಮೂಡುತ್ತದೆ. ಉಳಿದ ಮರಳು ಕೆಳಕ್ಕೆ ಉದುರುತ್ತದೆ. ಎರಡು ಚಿಪ್ಪುಗಳನ್ನು ಅಂಟಿಸಿದರೆ ಅಚ್ಚು. ಅಳತೆಯ ನಿಖರತೆ ಮತ್ತು ನುಣುಪು ಹಸಿ ಮರಳಿಗಿಂತ ಬಹಳ ಮೇಲು. ಕ್ಯಾಮ್‌ಶಾಫ್ಟ್, ಕ್ರ್ಯಾಂಕ್‌ಶಾಫ್ಟ್, ಗಾಳಿಯಿಂದ ತಣಿಯುವ ಎಂಜಿನ್ನಿನ ರೆಕ್ಕೆಯುಳ್ಳ ಸಿಲಿಂಡರ್‌ಗಳಿಗೆ ಒಗ್ಗುತ್ತದೆ. ರೆಸಿನ್ ಮತ್ತು ಲೋಹದ ಮಾದರಿ ದುಬಾರಿಯಾದ್ದರಿಂದ ಸಂಖ್ಯೆ ಹೆಚ್ಚಿರುವ ಕೆಲಸಕ್ಕೆ ಮಾತ್ರ ಗಿಟ್ಟುತ್ತದೆ.

ನೋ-ಬೇಕ್ ಮತ್ತು ಕೋಲ್ಡ್ ಬಾಕ್ಸ್

ಕಾಯಿಸದೆ ತಾನಾಗಿ ಗಟ್ಟಿಯಾಗುವ ರೆಸಿನ್ ಮರಳು ನೋ-ಬೇಕ್. ಮರಳಿನ ತೂಕದ ಸುಮಾರು 1% ಫ್ಯುರಾನ್ ರೆಸಿನ್ ಮತ್ತು ಆಮ್ಲ ವೇಗವರ್ಧಕವನ್ನು ನಿರಂತರ ಮಿಕ್ಸರ್ ಬೆರೆಸಿ ನೇರ ಪೆಟ್ಟಿಗೆಗೆ ಸುರಿಯುತ್ತದೆ; ಹತ್ತಾರು ನಿಮಿಷಗಳಲ್ಲಿ ಮಾದರಿ ಎತ್ತಬಹುದು. ಫ್ಯುರಾನಿನ ಮೂಲವಸ್ತು ಫರ್ಫ್ಯುರಾಲ್ ತಯಾರಾಗುವುದು ಕಬ್ಬಿನ ಸಿಪ್ಪೆ, ಮೆಕ್ಕೆಜೋಳದ ದಿಂಡಿನಂಥ ಕೃಷಿ ಉಳಿಕೆಯಿಂದ. ಸುಣ್ಣದ ಅಂಶವಿರುವ ಮರಳು ಆಮ್ಲವನ್ನು ನುಂಗಿಹಾಕುವುದರಿಂದ ಇಲ್ಲಿ ನಿಷಿದ್ಧ. ರೆಸಿನ್ನಿನಲ್ಲಿ ಸಾರಜನಕ ಹೆಚ್ಚಿದ್ದರೆ ಉಕ್ಕಿನ ಎರಕದಲ್ಲಿ ಸೂಜಿತೂತುಗಳು ಬೀಳುತ್ತವೆ. ಯಂತ್ರೋಪಕರಣಗಳ ಬೆಡ್, ಪಂಪ್ ಕವಚ, ಗಾಳಿಯಂತ್ರದ ಹಬ್ ಮುಂತಾದ ಮಧ್ಯಮ ಮತ್ತು ದೊಡ್ಡ ಎರಕಗಳಿಗೆ ಇದು ಈಗ ಮೊದಲ ಆಯ್ಕೆ.

ಕೋಲ್ಡ್ ಬಾಕ್ಸ್‌ನಲ್ಲಿ ಎರಡು ಭಾಗದ ಯುರೆಥೇನ್ ರೆಸಿನ್ ಬೆರೆತ ಮರಳನ್ನು ಕೋರ್ ಪೆಟ್ಟಿಗೆಗೆ ಗಾಳಿಯೊತ್ತಡದಿಂದ ಊದಿ ತುಂಬಿ, ಅಮೀನ್ ಆವಿ ಹಾಯಿಸುತ್ತಾರೆ. ಸೆಕೆಂಡುಗಳಲ್ಲಿ ಕೋರ್ ಗಟ್ಟಿಯಾಗುತ್ತದೆ. ಸಿಲಿಂಡರ್ ಬ್ಲಾಕ್‌ಗಳ ಸುರುಳಿಯಂಥ ನೀರುದಾರಿಗಳಿಗೆ ಬೇಕಾದ ಕೋರ್‌ಗಳ ಭಾರಿ ಉತ್ಪಾದನೆ ಇದರಿಂದ ಸಾಧ್ಯವಾಯಿತು. ಅಮೀನ್ ಕಟುವಾಸನೆಯ, ಬೇಗ ಹೊತ್ತಿಕೊಳ್ಳುವ ರಾಸಾಯನಿಕ. ಹೊರಬಂದ ಆವಿಯನ್ನು ಆಮ್ಲದಲ್ಲಿ ತೊಳೆದೇ ಬಿಡಬೇಕು.

ನಿರ್ವಾತ ಮತ್ತು ನೊರೆಯ ಮಾದರಿ

ಜಪಾನಿನ ನಿರ್ವಾತ ವಿಧಾನದಲ್ಲಿ ಮಾದರಿಯ ಮೇಲೆ ಬಿಸಿಮಾಡಿದ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ಒಣ ಮರಳು ತುಂಬಿ, ಮೇಲೂ ಹಾಳೆ ಮುಚ್ಚಿ, ಒಳಗಿನ ಗಾಳಿ ಹೀರುತ್ತಾರೆ. ಹೊರಗಿನ ವಾಯುಭಾರವೇ ಕಣಗಳನ್ನು ಅದುಮಿ ಹಿಡಿಯುತ್ತದೆ. ಲೋಹ ಗಟ್ಟಿಯಾದ ಮೇಲೆ ಪಂಪ್ ನಿಲ್ಲಿಸಿದರೆ ಮರಳು ತಾನಾಗಿ ಸುರಿದುಹೋಗುತ್ತದೆ. ಪಿಯಾನೊದ ಕಬ್ಬಿಣದ ಚೌಕಟ್ಟಿನಂಥ ಅಗಲವಾದ, ನುಣುಪಾದ ಎರಕಗಳಿಗೆ ಇದು ತಕ್ಕದ್ದು.

ಅಮೆರಿಕದ ಹೆರಾಲ್ಡ್ ಶ್ರಾಯರ್ 1958ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ ಮಾದರಿ ಪಾಲಿಸ್ಟೈರೀನ್ ನೊರೆಯದು. ಅದನ್ನು ಮರಳಿನಿಂದ ತೆಗೆಯುವುದೇ ಇಲ್ಲ. ಲೋಹ ಹೊಯ್ದಂತೆ ನೊರೆ ಆವಿಯಾಗಿ ಜಾಗ ಬಿಟ್ಟುಕೊಡುತ್ತದೆ. ಹೀಗಾಗಿ ವಿಭಜನ ರೇಖೆಯಾಗಲಿ ಓರೆಯಾಗಲಿ ಬೇಕಿಲ್ಲ.

ಮುದ್ರಿತ ಅಚ್ಚು

ಮರಳಿನ ತೆಳುಪದರ ಹರಡಿ, ಕಂಪ್ಯೂಟರ್ ನಕ್ಷೆಯಂತೆ ಬೇಕಾದಲ್ಲಿ ಮಾತ್ರ ಬಂಧಕ ಸಿಂಪಡಿಸಿ, ಪದರದ ಮೇಲೆ ಪದರವಾಗಿ ಅಚ್ಚನ್ನು ಕಟ್ಟುವ ಮುದ್ರಣ ಯಂತ್ರಗಳು ಈ ಶತಮಾನದಲ್ಲಿ ಬಳಕೆಗೆ ಬಂದಿವೆ. ಇಲ್ಲಿ ಮಾದರಿಯೇ ಇಲ್ಲ. ಹೊಸ ವಿನ್ಯಾಸದ ಮೊದಲ ನಮೂನೆಗಳಿಗೆ, ಮಾದರಿ ಕಳೆದುಹೋದ ಹಳೆಯ ಯಂತ್ರಗಳ ಬಿಡಿಭಾಗಗಳಿಗೆ ಅನುಕೂಲ. ದೊಡ್ಡ ಸಂಖ್ಯೆಯ ಉತ್ಪಾದನೆಗೆ ವೆಚ್ಚ ಹೆಚ್ಚು.

ಯಂತ್ರೀಕರಣ

ಕೈಯಲ್ಲಿ ಕುಟ್ಟಿದ ಅಚ್ಚಿನ ಗಟ್ಟಿತನ ಕುಟ್ಟುವವರ ತೋಳಿನ ಮೇಲೆ ನಿಂತಿರುತ್ತದೆ. ಜೋಲ್ಟ್ ಯಂತ್ರ ಪೆಟ್ಟಿಗೆಯನ್ನು ಮತ್ತೆ ಮತ್ತೆ ಎತ್ತಿ ಕುಕ್ಕುತ್ತದೆ. ಇದರಲ್ಲಿ ಮಾದರಿಯ ಹತ್ತಿರದ ಮರಳು ಹೆಚ್ಚು ಅಡಕವಾಗುತ್ತದೆ. ಸ್ಕ್ವೀಜ್ ಯಂತ್ರ ಮೇಲಿನಿಂದ ಒತ್ತುವುದರಿಂದ ಮೇಲ್ಪದರ ಗಟ್ಟಿಯಾಗುತ್ತದೆ. ಎರಡನ್ನೂ ಕೂಡಿಸಿದ ಜೋಲ್ಟ್-ಸ್ಕ್ವೀಜ್ ಯಂತ್ರಗಳೇ ಭಾರತದ ಮಧ್ಯಮ ಗಾತ್ರದ ಫೌಂಡ್ರಿಗಳ ಆಧಾರ. ಡೆನ್ಮಾರ್ಕಿನ ಪ್ರಾಧ್ಯಾಪಕ ವಾಗ್ನ್ ಏಗ್ ಯೆಪ್ಪೆಸೆನ್ 1957ರಲ್ಲಿ ಪೇಟೆಂಟ್ ಪಡೆದ ಡಿಸಾಮ್ಯಾಟಿಕ್ ಯಂತ್ರ ಪೆಟ್ಟಿಗೆಯನ್ನೇ ಬಿಟ್ಟುಬಿಟ್ಟಿತು. ಅದು ಮರಳನ್ನು ಎರಡು ಮಾದರಿ ಫಲಕಗಳ ನಡುವೆ ಊದಿ ಒತ್ತಿ, ಲಂಬವಾದ ಹೆಂಟೆಗಳನ್ನು ಸಾಲಾಗಿ ತಳ್ಳುತ್ತದೆ. ಪ್ರತಿ ಹೆಂಟೆಯ ಮುಂಭಾಗ ಒಂದು ಅಚ್ಚಿನ ಅರ್ಧ, ಹಿಂಭಾಗ ಮುಂದಿನ ಅಚ್ಚಿನ ಅರ್ಧ. ಈ ಬಗೆಯ ಯಂತ್ರಗಳು ಗಂಟೆಗೆ ನೂರಾರು ಅಚ್ಚು ಹೊರಹಾಕುತ್ತವೆ.

ಪರೀಕ್ಷೆ ಮತ್ತು ದೋಷಗಳು

ಮಾನಕ ಪರೀಕ್ಷೆಗೆ 2 ಇಂಚು ವ್ಯಾಸ, 2 ಇಂಚು ಎತ್ತರದ ಮರಳಿನ ಸಿಲಿಂಡರ್ ತಯಾರಿಸಬೇಕು; 14 ಪೌಂಡ್ ತೂಕವನ್ನು 2 ಇಂಚು ಎತ್ತರದಿಂದ ಮೂರು ಸಲ ಬೀಳಿಸಿ ಅದನ್ನು ಅಡಕಮಾಡುತ್ತಾರೆ. ಈ ತುಂಡಿನ ಮೂಲಕ 2,000 ಘನ ಸೆಂ.ಮೀ. ಗಾಳಿ ಹಾಯಲು ಹಿಡಿಯುವ ಸಮಯದಿಂದ ಅನಿಲಪಾರಗಮ್ಯತೆಯನ್ನೂ, ಅದು ಪುಡಿಯಾಗುವ ಒತ್ತಡದಿಂದ ಹಸಿ ಬಲವನ್ನೂ ಅಳೆಯುತ್ತಾರೆ. ತೇವಾಂಶ, ಅಡಕತೆ, ಸಕ್ರಿಯ ಜೇಡಿಯ ಪ್ರಮಾಣ, ಕಣದ ನುಣುಪಿನ ಸಂಖ್ಯೆ ಇತರ ಮುಖ್ಯ ಅಳತೆಗಳು.

ದೋಷಗಳಲ್ಲಿ ಬಹುತೇಕವು ಮರಳಿನತ್ತಲೇ ಬೆರಳು ತೋರುತ್ತವೆ. ಗಾಳಿಗುಳ್ಳೆಗೆ ಹೆಚ್ಚಿನ ತೇವ ಅಥವಾ ಕಡಿಮೆ ಪಾರಗಮ್ಯತೆ ಕಾರಣ. ಮರಳಿಗೆ ಲೋಹ ಇಳಿದು ಒರಟಾಗುವುದು ಕಣ ದಪ್ಪವಾದಾಗ ಅಥವಾ ಅಚ್ಚು ಸಡಿಲವಾದಾಗ. ಎರಕ ಊದಿಕೊಳ್ಳುವುದು ಸಾಲದ ಕುಟ್ಟುವಿಕೆಯಿಂದ, ಎರಡು ಅರ್ಧಗಳು ಸರಿದುಹೋಗುವುದು ಪೆಟ್ಟಿಗೆಯ ಸವೆದ ಪಿನ್‌ಗಳಿಂದ.

ಕರ್ನಾಟಕದಲ್ಲಿ

ಎರಕಗಳ ಉತ್ಪಾದನೆಯಲ್ಲಿ ಭಾರತ ಚೀನಾದ ನಂತರದ ಸ್ಥಾನದಲ್ಲಿದೆ. ಕೊಯಮತ್ತೂರು, ರಾಜ್‌ಕೋಟ್, ಕೊಲ್ಹಾಪುರ, ಹೌರಾ, ಬಟಾಲಾಗಳ ಜೊತೆಗೆ ಬೆಳಗಾವಿಯೂ ದೇಶದ ಪ್ರಮುಖ ಫೌಂಡ್ರಿ ನೆಲೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1910ರಲ್ಲಿ ಕಿರ್ಲೋಸ್ಕರವಾಡಿಗೆ ತೆರಳುವ ಮುನ್ನ ಕಬ್ಬಿಣದ ನೇಗಿಲು ಮತ್ತು ಮೇವು ಕತ್ತರಿಸುವ ಯಂತ್ರಗಳನ್ನು ಮಾಡುತ್ತಿದ್ದದ್ದು ಬೆಳಗಾವಿಯಲ್ಲೇ. ಈಗ ಉದ್ಯಮಬಾಗ್ ಸುತ್ತಲಿನ ಕಾರ್ಖಾನೆಗಳು ವಾಹನ, ಪಂಪ್, ವಾಲ್ವ್, ಹೈಡ್ರಾಲಿಕ್ ಉದ್ಯಮಗಳಿಗೆ ಎರಕ ಒದಗಿಸುತ್ತವೆ. ಭದ್ರಾವತಿಯಲ್ಲಿ 1923ರಲ್ಲಿ ಕೆಲಸ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ ಬೀಡುಕಬ್ಬಿಣ ಒದಗಿಸಿತು. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳಿಗೂ ಬೂದು ಕಬ್ಬಿಣದ ಮರಳೆರಕದ ಬೆಡ್‌ಗಳೇ ಆಧಾರವಾಗಿದ್ದವು. ಕೊಪ್ಪಳ ಜಿಲ್ಲೆಯ ಬೇವಿನಹಳ್ಳಿಯಲ್ಲಿ ಬೀಡುಕಬ್ಬಿಣದ ಜೊತೆಗೆ ಸಿಲಿಂಡರ್ ಬ್ಲಾಕ್‌ಗಳ ಎರಕ ನಡೆಯುತ್ತದೆ. ಶಿವಮೊಗ್ಗ ಇನ್ನೊಂದು ನೆಲೆ. ಬೆಂಗಳೂರಿನ ಎಚ್‌ಎಎಲ್ ಫೌಂಡ್ರಿ ವಿಮಾನಗಳಿಗೆ ಹಗುರ ಲೋಹಗಳ ಎರಕ ಮಾಡುತ್ತದೆ.

ಸದ್ಯದ ಸ್ಥಿತಿ

ಒಂದು ಟನ್ ಎರಕಕ್ಕೆ ಹಲವು ಟನ್ ಮರಳು ಬೇಕು. ನದಿಮರಳಿನ ಗಣಿಗಾರಿಕೆಗೆ ಬಿದ್ದ ನಿರ್ಬಂಧ, ಬಳಸಿದ ಮರಳನ್ನು ಸುರಿಯಲು ಜಾಗದ ಅಭಾವ ಇವೆರಡೂ ಮರುಬಳಕೆಯನ್ನು ಅನಿವಾರ್ಯವಾಗಿಸಿವೆ. ಕಣಗಳನ್ನು ಒಂದಕ್ಕೊಂದು ಉಜ್ಜಿ ಬಂಧಕ ಕೆರೆಯುವುದು ಯಾಂತ್ರಿಕ ವಿಧಾನ, 600–800° ಸೆ.ನಲ್ಲಿ ಹುರಿದು ರೆಸಿನ್ ಸುಡುವುದು ಉಷ್ಣ ವಿಧಾನ. ಮರುಬಳಕೆಗೆ ಬಾರದ್ದು ರಸ್ತೆಯ ತಳಪಾಯ, ಇಟ್ಟಿಗೆ, ಸಿಮೆಂಟ್ ತಯಾರಿಕೆಗೆ ಹೋಗುತ್ತದೆ. ರೆಸಿನ್ ಸುಟ್ಟಾಗ ಏಳುವ ಹೊಗೆಯನ್ನು ತಪ್ಪಿಸಲು ಸಿಲಿಕೇಟ್ ಆಧಾರಿತ ನಿರವಯವ ಬಂಧಕಗಳು ಸುಧಾರಿತ ರೂಪದಲ್ಲಿ ಮರಳಿ ಬಂದಿವೆ. ಜರ್ಮನಿಯ ಲಾಂಡ್ಸ್‌ಹುಟ್‌ನ ಬಿಎಂಡಬ್ಲ್ಯು ಫೌಂಡ್ರಿ ಅಲ್ಯೂಮಿನಿಯಂ ಎರಕದ ಕೋರ್‌ಗಳಿಗೆ ಇವನ್ನೇ ಬಳಸುತ್ತದೆ.

ಅಚ್ಚು ಒಡೆಯುವಾಗ ಮತ್ತು ಎರಕ ಉಜ್ಜುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ನೆಲೆಸಿ ವಾಸಿಯಾಗದ ಸಿಲಿಕೋಸಿಸ್ ರೋಗ ತರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ಕೆಲಸದ ಸ್ಥಳದಲ್ಲಿ ಉಸಿರಿಗೆ ಸೇರುವ ಹರಳು ಸಿಲಿಕಾವನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. ಧೂಳನ್ನು ಹುಟ್ಟುವಲ್ಲೇ ಹೀರುವ ವ್ಯವಸ್ಥೆ ಮುಖ್ಯ ರಕ್ಷಣೆ. ಮುಖಕ್ಕೆ ಸುತ್ತಿದ ಬಟ್ಟೆ ಈ ನುಣ್ಣನೆಯ ಧೂಳನ್ನು ತಡೆಯದು. ಭಾರತದಲ್ಲಿ 1948ರ ಕಾರ್ಖಾನೆಗಳ ಕಾಯ್ದೆ ಸಿಲಿಕೋಸಿಸ್ ಅನ್ನು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು. 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆಯಲ್ಲೂ ಅದು ಆ ಪಟ್ಟಿಯಲ್ಲಿದೆ.